ಹ್ಯಾಲ್ ಜೋರ್ಡನ್‌ನ ಪಾಪ ಕದ್ದವರು

1994ರ ‘ಎಮರಾಲ್ಡ್ ಟ್ವೈಲೈಟ್’ ಕಾಮಿಕ್ಸ್‌ನಲ್ಲಿ ಗ್ರೀನ್ ಲ್ಯಾಂಟರ್ನ್ ಹ್ಯಾಲ್ ಜೋರ್ಡನ್ ಕೊಲೆಗಾರನಾಗುತ್ತಾನೆ. ಅವನ ಊರು ಕೋಸ್ಟ್ ಸಿಟಿ 70 ಲಕ್ಷ ಜನರೊಂದಿಗೆ ಬೂದಿಯಾಗಿದೆ. ಉಂಗುರದ ಶಕ್ತಿಯಿಂದ ಅದನ್ನು ಮತ್ತೆ ಕಟ್ಟಹೊರಟರೆ ಒಡೆಯರಾದ ಗಾರ್ಡಿಯನ್ನರು ತಡೆಯುತ್ತಾರೆ. ಜೊತೆಗಾರರನ್ನೇ ಬಡಿದು, ಗೆಳೆಯ ಕಿಲೋವಾಗ್‌ನನ್ನು ಕೊಂದ ಅವನು ಮುಂದೆ ಪ್ಯಾರಲಾಕ್ಸ್ ಎನಿಸಿಕೊಳ್ಳುತ್ತಾನೆ. ಹಸಿರು ಉಂಗುರ ಕೈಲ್ ರೇನರ್‌ನ ಬೆರಳಿಗೆ ಹೋಗುತ್ತದೆ.

ಮೂರೇ ಸಂಚಿಕೆಗಳಲ್ಲಿ ನಾಯಕನನ್ನು ಕೆಡಿಸಿದರೆಂಬ ಓದುಗರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 2004ರಲ್ಲಿ ಶುರುವಾದ ‘ರೀಬರ್ತ್’ನಲ್ಲಿ ಜೆಫ್ ಜಾನ್ಸ್ ಕೊಟ್ಟ ಪರಿಹಾರವನ್ನು ನಾನು ಒಪ್ಪಲಾರೆ. ಪ್ಯಾರಲಾಕ್ಸ್ ಹ್ಯಾಲ್ ಅಲ್ಲವಂತೆ, ಅವನೊಳಗೆ ಹೊಕ್ಕ ಹಳದಿ ಭಯಜೀವಿಯಂತೆ! ದೆವ್ವ ಮೈಮೇಲೆ ಬಂದಿತ್ತು, ಬಿಡಿಸಿದೆವು, ಹುಡುಗ ಒಳ್ಳೆಯವನೇ ಎಂದಂತಾಯಿತು.

ಹೀಗೆ ನಾಯಕ ಉಳಿದ, ಮನುಷ್ಯ ಹೋದ. ಪ್ಯಾರಲಾಕ್ಸ್ ಭಯ ಹುಟ್ಟಿಸಿದ್ದು ರಾಕ್ಷಸನೆಂದಲ್ಲ; ಅವನು ಹ್ಯಾಲ್ ಆಗಿದ್ದನೆಂದು. ದುಃಖ ಮತ್ತು ಅಧಿಕಾರ ಒಂದೇ ಕೈಗೆ ಸಿಕ್ಕರೆ ಒಳ್ಳೆಯವನೂ ಕೊಲ್ಲಬಲ್ಲ ಎಂಬುದು ಆ ಕಥೆಯ ಸತ್ಯ. 1996ರ ‘ಫೈನಲ್ ನೈಟ್’ನಲ್ಲಿ ಅವನು ಸೂರ್ಯನನ್ನು ಮತ್ತೆ ಹೊತ್ತಿಸಿ ಪ್ರಾಣ ಕೊಟ್ಟದ್ದು ಪ್ರಾಯಶ್ಚಿತ್ತವಾಗಿತ್ತು. ತಾನು ಮಾಡದ ತಪ್ಪಿಗೆ ಎಂಥ ಪ್ರಾಯಶ್ಚಿತ್ತ? ಹ್ಯಾಲ್‌ನ ಪಾಪವನ್ನು ತೊಳೆಯಹೋದವರು ಅವನ ಪಶ್ಚಾತ್ತಾಪವನ್ನೂ ತೊಳೆದುಬಿಟ್ಟರು.