ಆಟದ ಧಾಟಿಗೆ ಜಾಝ್ ನಡೆ

ಬಂಕಾಪುರದ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ಕಾಲೇಜು ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲಿನಲ್ಲಿ ಸಂಗೀತ ಕೇಳುತ್ತ ಕುಳಿತಿದ್ದನು. ಅದು ಹಳೆಯ ವಿಡಿಯೊ ಗೇಮ್ ಒಂದರ ಧಾಟಿ. ಆದರೆ ಆಟದ ಯಂತ್ರದ ಕೀಚಲು ದನಿಗೆ ಬದಲಾಗಿ ಅದರಲ್ಲಿ ಟ್ರಂಪೆಟ್ಟು, ಸ್ಯಾಕ್ಸೊಫೋನು, ಡ್ರಮ್ಮುಗಳು ತೂಗಿ ತೂಗಿ ನುಡಿಯುತ್ತಿದ್ದವು. ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಏನೋ ತಮ್ಮಾ, ಅದು ಮೊದಲ ಹುಡುಗರ ಆಟದ ಸಪ್ಪಳ, ಅದನ್ನೂ ಕೆಡಿಸಿ ಬ್ಯಾಂಡ್ ಕಂಪನಿ ಕೈಯಾಗ ಕೊಟ್ಟಾರಲ್ಲ!” ಎಂದು ನಕ್ಕರು. ಹುಡುಗನು ನಾಚಿ ಸದ್ದಡಗಿಸಿದನು.

ಹಿರಿಯರ ಮಾತಿನಲ್ಲಿ ಎರಡು ಆಕ್ಷೇಪಗಳು ಅಡಗಿವೆ. ಆಟದ ಯಂತ್ರದ ಸದ್ದು ಸಂಗೀತವೇ ಅಲ್ಲವೆಂಬುದು ಒಂದು. ಇದ್ದ ಧಾಟಿಯನ್ನು ಬೇರೆ ನಡೆಗೆ ತಿರುಗಿಸುವುದೆಂದರೆ ಅದನ್ನು ಕೆಡಿಸುವುದೆಂಬುದು ಇನ್ನೊಂದು. ಈ ಎರಡೂ ಆಕ್ಷೇಪಗಳು ನಿಲ್ಲತಕ್ಕವಲ್ಲ, ಆ ಹುಡುಗನು ನಾಚಬೇಕಾದ ಕಾರಣವೂ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂಬುದನ್ನು ವಿಜ್ಞಾನದ ದೃಷ್ಟಿಯಿಂದಲೇ ವಿಚಾರಿಸೋಣ.

ಮೊದಲು ಯಂತ್ರದ ಸಂಗತಿ. ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೩ರಲ್ಲಿ ಹೊರತಂದ ಮನೆಬಳಕೆಯ ಆಟದ ಯಂತ್ರಕ್ಕೆ ಧ್ವನಿಯನ್ನು ಹುಟ್ಟಿಸಲು ಇದ್ದ ಮಾರ್ಗಗಳು ಐದೇ ಐದು. ಎರಡರಲ್ಲಿ ಚೌಕ ರೂಪದ ಅಲೆ, ಒಂದರಲ್ಲಿ ತ್ರಿಕೋನ ರೂಪದ ಅಲೆ, ನಾಲ್ಕನೆಯದರಲ್ಲಿ ಬರಿಯ ಗದ್ದಲ, ಐದನೆಯದರಲ್ಲಿ ಮೊದಲೇ ಮುದ್ರಿಸಿಟ್ಟ ಚಿಕ್ಕ ಧ್ವನಿತುಣುಕು. ಇಷ್ಟು ಬಡ ಸಾಮಗ್ರಿಯನ್ನು ಇಟ್ಟುಕೊಂಡು ಕೋಜಿ ಕೊಂಡೊ ಎಂಬವರು ೧೯೮೫ರಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ ಆಟಕ್ಕೆ ಸಂಗೀತವನ್ನು ರಚಿಸಿದರು. ಚಿತ್ರ, ನಿಯಮ, ಸಂಗೀತ ಎಲ್ಲವೂ ಸೇರಿ ಆ ಆಟವು ೪೦ ಕಿಲೊಬೈಟುಗಳಲ್ಲಿ ಅಡಗಿತ್ತು. ಸಿ.ಡಿ. ತಟ್ಟೆಯಲ್ಲಿ ಒಂದೇ ಸೆಕೆಂಡಿನ ಸಂಗೀತವನ್ನು ತುಂಬಲು ೧,೭೬,೪೦೦ ಬೈಟುಗಳು ಬೇಕು. ಎಂದರೆ ಇಡೀ ಆಟವು ಸಿ.ಡಿ.ಯ ಕಾಲು ಸೆಕೆಂಡಿಗಿಂತಲೂ ಚಿಕ್ಕದು! ಇದು ಹೇಗೆ ಸಾಧ್ಯವಾಯಿತು? ಆಟದಲ್ಲಿ ಹಾಡಿನ ಧ್ವನಿಯನ್ನು ತುಂಬಿರಲಿಲ್ಲ. ಯಾವ ಸ್ವರ, ಎಷ್ಟು ಹೊತ್ತು ಎಂಬ ಆಜ್ಞೆಗಳನ್ನಷ್ಟೇ ಬರೆದಿಟ್ಟಿತ್ತು. ಅದು ಒಂದು ಸ್ವರಲಿಪಿಯ ಪುಸ್ತಕ. ಯಂತ್ರವು ಅದನ್ನು ಓದಿಕೊಂಡು ಅಲ್ಲಿಯೇ ನುಡಿಸುತ್ತಿತ್ತು. ನಾದದ ಸೊಬಗಿನಿಂದ ಕೇಳುವವರನ್ನು ಮರುಳುಗೊಳಿಸುವ ಅನುಕೂಲವು ಅಲ್ಲಿರಲಿಲ್ಲ. ಧಾಟಿಯು ತನ್ನ ಸ್ವಂತ ಬಲದಿಂದಲೇ ನಿಲ್ಲಬೇಕಾಗಿತ್ತು, ನಿಂತಿತು. ೨೦೨೩ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಗ್ರಂಥಾಲಯವು ಈ ಧಾಟಿಯನ್ನು ಚಿರಕಾಲ ಕಾಪಾಡತಕ್ಕ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆಟದ ಸಂಗೀತಕ್ಕೆ ಆ ಮನ್ನಣೆ ದೊರೆತುದು ಅದೇ ಮೊದಲು.

ಇನ್ನು ಎರಡನೆಯ ಆಕ್ಷೇಪ. ವಾದ್ಯವನ್ನು ಬದಲಿಸಿದರೆ ಧಾಟಿ ಕೆಡುವುದೆ? ಧಾಟಿ ಎಂಬುದು ಸ್ವರಗಳ ನಡುವಣ ಸಂಬಂಧವೇ ಹೊರತು ಯಾವುದೊಂದು ವಾದ್ಯದ ಸೊತ್ತಲ್ಲ. ಷಡ್ಜದಲ್ಲಿ ಗಾಳಿಯು ಎರಡು ಸಲ ಕಂಪಿಸುವಷ್ಟು ಹೊತ್ತಿನಲ್ಲಿ ಪಂಚಮದಲ್ಲಿ ಮೂರು ಸಲ ಕಂಪಿಸುತ್ತದೆ. ಗಾಯಕನು ಶ್ರುತಿಯನ್ನು ಏರಿಸಲಿ, ಇಳಿಸಲಿ, ಈ ಪ್ರಮಾಣವು ಬದಲಾಗದು. ಆದುದರಿಂದಲೇ ಹಾಡಿನ ಗುರುತು ತಪ್ಪುವುದಿಲ್ಲ. ಅಲೆಯ ರೂಪವು ಬೇರೆಯಾದರೆ ನಾದದ ಬಣ್ಣವು ಬೇರೆಯಾದೀತು, ಅಷ್ಟೆ. ಅದೇ ಪದವನ್ನು ಏಕತಾರಿಯ ಮೇಲೆ ಕೇಳಿದರೂ ಹಾರ್ಮೋನಿಯಮ್ಮಿನ ಮೇಲೆ ಕೇಳಿದರೂ ನಾವು ಗುರುತಿಸುವುದು ಇದರಿಂದಲೇ.

ನಡೆಯ ಬದಲಾವಣೆಯು ಇದಕ್ಕಿಂತ ಸೂಕ್ಷ್ಮವಾದುದು. ಸ್ವಿಂಗ್ ಎಂಬುದು ಜಾಝ್ ಸಂಗೀತದಲ್ಲಿ ಒಂದು ಬಗೆಯ ನಡೆ. ಇದನ್ನು ತಿಳಿಯಲು ಯಂತ್ರಗಳೇನೂ ಬೇಡ. ಓದುಗರು ಕೈಯಲ್ಲಿ ಸಮನಾಗಿ ತಾಳ ಹಾಕುತ್ತ, ಪ್ರತಿ ಪೆಟ್ಟಿಗೂ ‘ತಕ’ ಎಂದು ಎರಡು ಸಮ ಅಕ್ಷರಗಳನ್ನು ನುಡಿಯಲಿ. ಇದು ನೇರ ನಡೆ. ಈಗ ತಾಳದ ವೇಗವನ್ನು ಬದಲಿಸದೆ ಪ್ರತಿ ಪೆಟ್ಟಿಗೂ ‘ತಕಿಟ’ ಎನ್ನಲಿ. ಇದು ನಮ್ಮ ತಿಸ್ರ ನಡೆ. ಬಳಿಕ ನಡುವಣ ‘ಕಿ’ಯನ್ನು ಬಾಯಿ ಬಿಟ್ಟು ಹೇಳದೆ ಮನಸ್ಸಿನಲ್ಲಿಯೇ ಎಣಿಸಿ, ‘ತ’ವನ್ನು ಅಷ್ಟು ಹೊತ್ತು ಎಳೆದು, ಕೊನೆಯ ‘ಟ’ವನ್ನು ಮಾತ್ರ ನುಡಿಯಲಿ. ಒಂದು ದೀರ್ಘ, ಒಂದು ಹ್ರಸ್ವ: ಎರಡಕ್ಕೆ ಒಂದು. ಸ್ವಿಂಗ್ ನಡೆಯ ಮೊದಲ ಪಾಠವು ಇದೇ. ನಿಮಿಷಕ್ಕೆ ೧೨೦ ಪೆಟ್ಟುಗಳಾದರೆ ಒಂದು ಪೆಟ್ಟಿಗೆ ೫೦೦ ಮಿಲಿಸೆಕೆಂಡುಗಳು. ನೇರ ನಡೆಯಲ್ಲಿ ಅದು ೨೫೦ ಮತ್ತು ೨೫೦ ಎಂದು ಒಡೆಯುತ್ತದೆ. ಈ ನಡೆಯಲ್ಲಿ ಸುಮಾರು ೩೩೩ ಮತ್ತು ೧೬೭ ಎಂದು ಒಡೆಯುತ್ತದೆ.

ಆದರೆ ಪಾಠವು ಇಲ್ಲಿಗೆ ಮುಗಿಯಲಿಲ್ಲ. ಫ್ರಿಬರ್ಗ್ ಮತ್ತು ಸುಂಡ್‌ಸ್ಟ್ರೋಮ್ ಎಂಬ ಸಂಶೋಧಕರು ಹೆಸರಾಂತ ಜಾಝ್ ವಾದಕರ ಧ್ವನಿಮುದ್ರಣಗಳನ್ನು ಅಳೆದು ೨೦೦೨ರಲ್ಲಿ ಒಂದು ಸ್ವಾರಸ್ಯದ ಫಲಿತಾಂಶವನ್ನು ಪ್ರಕಟಿಸಿದರು. ಡ್ರಮ್ ವಾದಕರ ದೀರ್ಘ-ಹ್ರಸ್ವಗಳ ಪ್ರಮಾಣವು ಸ್ಥಿರವಾದುದಲ್ಲ. ವಿಳಂಬದಲ್ಲಿ ಅದು ಮೂರೂವರೆಗೆ ಒಂದರಷ್ಟು ಏರುತ್ತದೆ. ಅತಿ ದ್ರುತದಲ್ಲಿ ಒಂದಕ್ಕೆ ಒಂದಾಗಿ ಸಮನಾಗುತ್ತದೆ. ಮಧ್ಯಮ ವೇಗದಿಂದ ಮುಂದಕ್ಕೆ ಹ್ರಸ್ವ ಸ್ವರವು ಸುಮಾರು ೧೦೦ ಮಿಲಿಸೆಕೆಂಡುಗಳಲ್ಲಿ ನಿಂತುಬಿಡುತ್ತದೆ. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ ೨೦೦ ಪೆಟ್ಟುಗಳಾದರೆ ಒಂದು ಪೆಟ್ಟಿಗೆ ೩೦೦ ಮಿಲಿಸೆಕೆಂಡು, ಹ್ರಸ್ವಕ್ಕೆ ನೂರು ಹೋದರೆ ದೀರ್ಘಕ್ಕೆ ಇನ್ನೂರು. ೩೦೦ ಪೆಟ್ಟುಗಳಾದರೆ ಎರಡಕ್ಕೂ ನೂರು ನೂರು. ೨೦೨೨ರಲ್ಲಿ ಜರ್ಮನಿಯ ಗೊಟಿಂಗೆನ್ನಿನ ವಿಜ್ಞಾನಿಗಳು ಇನ್ನೊಂದನ್ನು ತೋರಿಸಿಕೊಟ್ಟರು. ಪೆಟ್ಟಿನ ಮೇಲೆ ಬೀಳಬೇಕಾದ ಸ್ವರವನ್ನು ಪ್ರಧಾನ ವಾದಕನು ಪಕ್ಕವಾದ್ಯಗಳಿಗಿಂತ ಕಣ್ಣೆವೆಯಿಕ್ಕುವುದಕ್ಕೂ ಕಡಿಮೆ ಹೊತ್ತು ತಡಮಾಡಿ ನುಡಿಸಿದರೆ, ಸ್ವಿಂಗ್ ಹೆಚ್ಚು ಜೀವಂತವಾಗಿ ಕೇಳುತ್ತದೆ.

ಇದರಿಂದ ತಿಳಿಯುವುದೇನು? ನಡೆಯನ್ನು ಬದಲಿಸುವುದು ಒಂದು ಪ್ರಯೋಗ. ಪ್ರಯೋಗಶಾಲೆಯಲ್ಲಿ ನಾವು ಉಳಿದುದೆಲ್ಲವನ್ನೂ ಇದ್ದಂತೆಯೇ ಇಟ್ಟು ಒಂದೇ ಅಂಶವನ್ನು ಬದಲಿಸಿ ಫಲವನ್ನು ನೋಡುತ್ತೇವೆ. ಸ್ವರಗಳನ್ನು ಹಾಗೆಯೇ ಇಟ್ಟು ಕಾಲದ ಪ್ರಮಾಣವನ್ನು ಬದಲಿಸಿ ನೋಡುವವನೂ ಅದನ್ನೇ ಮಾಡುತ್ತಾನೆ. ಧಾಟಿಯಲ್ಲಿ ಅಳಿಯುವುದಾವುದು, ಉಳಿಯುವುದಾವುದು ಎಂಬುದು ಆಗ ಕಿವಿಗೆ ತಾನಾಗಿಯೇ ವಿದಿತವಾಗುತ್ತದೆ. ೧೯೯೬ರ ‘ಕರ್ಬಿ ಸೂಪರ್ ಸ್ಟಾರ್’ ಆಟದ ಧಾಟಿಯೊಂದನ್ನು ‘ಎಯ್ಟ್-ಬಿಟ್ ಬಿಗ್ ಬ್ಯಾಂಡ್’ ಎಂಬ ಜಾಝ್ ವೃಂದಕ್ಕೆ ಅಳವಡಿಸಿದ ಚಾರ್ಲಿ ರೋಸನ್ ಮತ್ತು ಜೇಕ್ ಸಿಲ್ವರ್‌ಮನ್ ಅವರಿಗೆ ೨೦೨೨ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆತುದು ಇಂತಹ ಅಳವಡಿಕೆಯ ಕೌಶಲಕ್ಕಾಗಿಯೇ.

ಇದೆಲ್ಲ ಹೊರನಾಡಿನ ಮಾತೆಂದು ಬಂಕಾಪುರದವರು ಭಾವಿಸಬೇಕಾಗಿಲ್ಲ. ಇದೇ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫ ಸಾಹೇಬರು (೧೮೧೯-೧೮೮೯) ಬಿಟ್ಟುಹೋದ ತತ್ವಪದಗಳ ಪಾಡನ್ನು ನೋಡಿ. ಭಜನೆಯ ಮೇಳಗಳಲ್ಲಿ ಏಕತಾರಿ-ತಾಳಗಳ ಮೇಲೆ ನಡೆದುಬಂದ ಆ ಪದಗಳಿಗೆ ಸಿ. ಅಶ್ವಥ್ ಅವರು ಹೊಸ ಧಾಟಿಗಳನ್ನು ಕೊಟ್ಟರು. ೧೯೯೦ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತವೂ ಅವರದೇ. ೨೦೦೮ರಲ್ಲಿ ರಘು ದೀಕ್ಷಿತ್ ಅವರು ಶರೀಫರ ಪದವನ್ನು ಗಿಟಾರು-ಡ್ರಮ್ಮುಗಳ ರಾಕ್ ಶೈಲಿಯಲ್ಲಿ ಹಾಡಿದರು. ಪದ ಕೆಟ್ಟಿತೆ? ಹಾಗೆ ಕೇಳಿದ ಎಷ್ಟೋ ತರುಣರು ಅಲ್ಲಿಂದ ಶರೀಫರನ್ನು ಅರಸಿಕೊಂಡು ಹೋದರು. ಜಾಝ್ ಕೂಡ ನಮಗೆ ಪರಕೀಯವಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸಂಸ್ಥೆಯ ಟಿ. ಎ. ಎಸ್. ಮಣಿ ಮತ್ತು ಗಾಯಕಿ ಆರ್. ಎ. ರಮಾಮಣಿ ಅವರೊಡನೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನುಡಿಸಿದ ‘ಜ್ಯೋತಿ’ ಎಂಬ ಮುದ್ರಿಕೆಯು ೧೯೮೩ರಷ್ಟು ಹಿಂದಿನದು.

ಹಾಗೆಂದು ಹಿರಿಯರ ಕಳವಳದಲ್ಲಿ ಹುರುಳೇ ಇಲ್ಲವೆನ್ನಲಾರೆ. ಎರಡು ಎಚ್ಚರಿಕೆಗಳು ಅವಶ್ಯ. ಒಂದು: ಇಂದು ಗಣಕಯಂತ್ರದಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಯಾವ ಧಾಟಿಯಾದರೂ ಸ್ವಿಂಗ್ ಆಗುತ್ತದೆ. ಎಲ್ಲ ವೇಗಕ್ಕೂ ಒಂದೇ ಪ್ರಮಾಣವನ್ನು ಹಚ್ಚಿದರೆ ಹೊರಬರುವುದು ಕುಂಟು ನಡೆಯೇ. ವಾದಕನ ಕೈಗೆ ಗೊತ್ತಿರುವುದನ್ನು ಗುಂಡಿಯು ತಿಳಿಯದು. ಎರಡು: ಮೂಲ ರಚನಕಾರನ ಹೆಸರನ್ನು ಮರೆಮಾಚುವುದು ವಂಚನೆ. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ಆದ ತಿದ್ದುಪಡಿಯಂತೆ, ಹಾಡಿನ ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷಗಳು ಕಳೆದ ಮೇಲೆ, ತಕ್ಕ ಗೌರವಧನವನ್ನು ತೆತ್ತು ಇನ್ನೊಬ್ಬರು ಅದನ್ನು ಹೊಸದಾಗಿ ಹಾಡಿ ಮುದ್ರಿಸಬಹುದು. ಆದರೆ ತಾಂತ್ರಿಕ ಅವಶ್ಯಕತೆಯನ್ನು ಬಿಟ್ಟರೆ, ಒಡೆಯನ ಒಪ್ಪಿಗೆಯಿಲ್ಲದೆ ಕೃತಿಯನ್ನು ಮಾರ್ಪಡಿಸಲು ಆ ನಿಯಮವು ಅವಕಾಶ ಕೊಡುವುದಿಲ್ಲ. ನಡೆಯನ್ನೇ ಬದಲಿಸುವವನು ಒಪ್ಪಿಗೆ ಕೇಳುವುದೇ ಮರ್ಯಾದೆ. ಶರೀಫರ ಪದಗಳು ಎಲ್ಲರ ಆಸ್ತಿ. ಆದರೆ ಅವಕ್ಕೆ ಅಶ್ವಥ್ ಕೊಟ್ಟ ಧಾಟಿಗಳು ಹಾಗಲ್ಲವೆಂಬುದನ್ನು ತರುಣರು ನೆನಪಿನಲ್ಲಿಡಬೇಕು.

ಆದಕಾರಣ ವಿದ್ಯಾರ್ಥಿಗಳೇ, ನೀವು ಮೆಚ್ಚಿದ ಆಟದ ಧಾಟಿಯನ್ನು ಸದ್ದಡಗಿಸಿ ಕೇಳಬೇಡಿ, ಕಿವಿಗೊಟ್ಟು ಕೇಳಿ. ಅದರ ಸ್ವರಗಳನ್ನು ಬರೆದುಕೊಳ್ಳಿ, ಕೈತಾಳದಲ್ಲಿ ಅಳೆಯಿರಿ, ‘ತಕ’ವನ್ನು ‘ತಕಿಟ’ವಾಗಿಸಿ ನೋಡಿ. ನಿಮ್ಮೂರ ಭಜನೆಯ ಮೇಳಕ್ಕೆ ಹೋಗಿ ಅಲ್ಲಿನ ತಾಳವು ಹೇಗೆ ತೂಗುತ್ತದೆಂಬುದನ್ನೂ ಗಮನಿಸಿ. ನಿಲ್ದಾಣದ ಆ ಹಿರಿಯರು ಮತ್ತೊಮ್ಮೆ ನಕ್ಕರೆ, ನಾಚದೆ ಅವರ ಕೈಯಿಂದಲೂ ತಾಳ ಹಾಕಿಸಿ. ನಡೆಯ ಗುಟ್ಟು ಅವರಿಗೆ ನಿಮಗಿಂತ ಮೊದಲೇ ತಿಳಿದಿದ್ದರೂ ತಿಳಿದಿರಬಹುದು.