ಬಾಗಿಲ ಮೇಲೆ ಬರೆದ 'ನಾಳೆ ಬಾ'

ಇಶಾ ನಮಾಝ್ ಮುಗಿದಿದೆ. ತಂದೆ ಅಂಗಡಿಯ ಬಾಗಿಲೆಳೆದು ಮನೆಗೆ ಬಂದಿದ್ದಾರೆ. ತಾಯಿ ಅಡುಗೆಮನೆಯ ಕೊನೆಯ ಕೆಲಸದಲ್ಲಿದ್ದಾಳೆ. ಹದಿನಾರರ ಮಗಳು ಮೂಲೆಯಲ್ಲಿ ಹೊದಿಕೆ ಹೊದ್ದು ಮೊಬೈಲಿನ ಬೆಳಕಿಗೆ ಮುಖವೊಡ್ಡಿ ಕುಳಿತಿದ್ದಾಳೆ. ಏನು ನೋಡುತ್ತಿದ್ದೀ ಎಂದು ಕೇಳಿದರೆ, 'ಏನಿಲ್ಲಮ್ಮಾ, ದೆವ್ವದ ಸೀರಿಯಲ್' ಎಂಬ ಉತ್ತರ ಬರುತ್ತದೆ. ದೆವ್ವದ ಕತೆ ತಾನೇ ಎಂದು ತಾಯಿ ಸುಮ್ಮನಾಗುತ್ತಾಳೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂತಹ ಪಟ್ಟಣಗಳಲ್ಲಿರುವ ನಮ್ಮ ಮನೆಗಳಿಗೆ ಇದು ಅಪರಿಚಿತ ದೃಶ್ಯವೇನಲ್ಲ.

ಆದರೆ ಅದು ಕೇವಲ ದೆವ್ವದ ಕತೆಯಲ್ಲ. ರಕ್ತ ಹೀರುವ ಪಿಶಾಚಿಯ, ಅಂದರೆ ವ್ಯಾಂಪೈರ್‌ನ ಕತೆಯು ಮೊದಲಿನಿಂದಲೂ ಗಂಡು ಹೆಣ್ಣಿನ ಸಂಬಂಧದ ಕತೆಯೇ ಆಗಿದೆ. 1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' ಕಾದಂಬರಿಯಲ್ಲಿ ಪಿಶಾಚಿಯು ರಾತ್ರಿಯ ಹೊತ್ತು ಯುವತಿಯರನ್ನು ಸಮೀಪಿಸಿ ಅವರ ಕುತ್ತಿಗೆಯ ರಕ್ತ ಹೀರುತ್ತದೆ. ದೇಹದ ಆಸೆಯ ಬಗ್ಗೆ ನೇರವಾಗಿ ಬರೆಯಲು ಅಂಜುತ್ತಿದ್ದ ಸಮಾಜದಲ್ಲಿ ಆ ಮಾತನ್ನು ಆಡಲು ಒಂದು ಪಿಶಾಚಿ ಬೇಕಾಯಿತು. ನೂರು ವರ್ಷಗಳ ಬಳಿಕ ಟಿ.ವಿ.ಯೂ ಅದೇ ದಾರಿಯನ್ನು ಹಿಡಿಯಿತು. ಕನ್ನಡದ ಕಿರುತೆರೆಯಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡಿದವಳು ನಾಗಿಣಿ. ವ್ಯಾಂಪೈರ್ ನಮ್ಮ ಮನೆಗೆ ಬಂದದ್ದು ಹಿಂದಿ ಮತ್ತು ಇಂಗ್ಲಿಷ್ ಧಾರಾವಾಹಿಗಳ ಮೂಲಕ. 2016ರಲ್ಲಿ ಅಗ್ಗದ ಇಂಟರ್‌ನೆಟ್ ಬಂದ ಮೇಲಂತೂ ಅದು ಕೂಡುಕೋಣೆಯ ಟಿ.ವಿ.ಯಿಂದ ಹೊದಿಕೆಯ ಒಳಗಿನ ಮೊಬೈಲಿಗೆ ಸ್ಥಳಾಂತರಗೊಂಡಿತು.

ಇಂತಹ ಕಾರ್ಯಕ್ರಮಗಳ ಬಗ್ಗೆ ಹೆತ್ತವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅದರಲ್ಲಿ ಅಶ್ಲೀಲ ದೃಶ್ಯಗಳಿವೆಯೇ? ಇದು ನ್ಯಾಯವಾದ ಪ್ರಶ್ನೆ. ಆದರೆ ಇದೊಂದೇ ಪ್ರಶ್ನೆ ಸಾಕೇ? ಎರಡು ಉದಾಹರಣೆಗಳನ್ನು ನೋಡೋಣ.

1997ರಿಂದ 2003ರವರೆಗೆ ಅಮೇರಿಕದಲ್ಲಿ ಪ್ರಸಾರವಾದ 'ಬಫಿ ದ ವ್ಯಾಂಪೈರ್ ಸ್ಲೇಯರ್' ಎಂಬ ಧಾರಾವಾಹಿಯ ನಾಯಕಿ ಶಾಲಾ ಬಾಲಕಿ. ಆಕೆ ಪ್ರೀತಿಸುವ ಏಂಜೆಲ್ ಒಬ್ಬ ವ್ಯಾಂಪೈರ್, ಆದರೆ ಶಾಪವೊಂದರಿಂದ ಆತ್ಮ ಮರಳಿ ಪಡೆದವನು. 1998ರ ಜನವರಿಯಲ್ಲಿ ಪ್ರಸಾರವಾದ ಕಂತುಗಳಲ್ಲಿ, ತನ್ನ ಹದಿನೇಳನೆಯ ಹುಟ್ಟುಹಬ್ಬದ ರಾತ್ರಿ ಆಕೆ ಅವನೊಂದಿಗೆ ಕಳೆಯುತ್ತಾಳೆ. ಆ ಸುಖದ ಕ್ಷಣದಲ್ಲಿಯೇ ಶಾಪ ಮುರಿದು ಅವನು ಆತ್ಮವನ್ನು ಕಳೆದುಕೊಳ್ಳುತ್ತಾನೆ. ಮರುದಿನ ಎದುರಾದಾಗ ಅವಳನ್ನು ಅಣಕಿಸುತ್ತಾನೆ, ಆ ರಾತ್ರಿಯನ್ನೇ ಕೇವಲವಾಗಿ ಆಡಿ ತೋರಿಸುತ್ತಾನೆ. ನಿನ್ನೆಯವರೆಗೆ ನೀನೇ ಸರ್ವಸ್ವ ಎಂದವನು ಬೇಕಾದದ್ದು ದೊರೆತ ಮರುದಿನ ಗುರುತು ಸಿಗದಂತೆ ಬದಲಾಗುವುದನ್ನು ಎಷ್ಟು ಹೆಣ್ಣುಮಕ್ಕಳು ನಿಜಜೀವನದಲ್ಲಿ ಅನುಭವಿಸಿಲ್ಲ? ಧಾರಾವಾಹಿ ಆ ನೋವನ್ನು ಪಿಶಾಚಿಯ ರೂಪದಲ್ಲಿ ತೋರಿಸಿತು. ಆ ಹುಡುಗಿ ತನ್ನನ್ನು ತಾನೇ ದೂಷಿಸಿಕೊಳ್ಳುವುದನ್ನೂ, ಹಿರಿಯನೊಬ್ಬ ಆಕೆಯನ್ನು ಜರೆಯದೆ ಜೊತೆಗೆ ನಿಲ್ಲುವುದನ್ನೂ ತೋರಿಸಿತು.

ಇನ್ನೊಂದು, 2008ರಲ್ಲಿ ಚಲನಚಿತ್ರವಾದ ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' ಕಾದಂಬರಿ. ಅದರ ಜಾಡಿನಲ್ಲಿಯೇ ಸ್ಟಾರ್ ಒನ್ ವಾಹಿನಿಯು 2010-11ರಲ್ಲಿ 'ಪ್ಯಾರ್ ಕೀ ಯೇ ಏಕ್ ಕಹಾನಿ' ಎಂಬ ಹಿಂದಿ ಧಾರಾವಾಹಿಯನ್ನು ಪ್ರಸಾರ ಮಾಡಿತು. ಕಾಲೇಜಿನ ಹುಡುಗಿ ಪಿಯಾ ಮತ್ತು ಪಿಶಾಚಿ ತರುಣ ಅಭಯ್‌ನ ಪ್ರೇಮ ಅದರ ವಸ್ತು. 'ಟ್ವೈಲೈಟ್' ಸರಣಿಯಲ್ಲಿ ನಾಯಕ ಎಡ್ವರ್ಡ್ ಮದುವೆಯಾಗುವವರೆಗೆ ದೈಹಿಕ ಸಂಬಂಧ ಬೇಡವೆನ್ನುತ್ತಾನೆ. ಅಶ್ಲೀಲತೆಯನ್ನಷ್ಟೇ ಅಳೆಯುವ ಹೆತ್ತವರು ಇದನ್ನು ಸಭ್ಯ ಕತೆ ಎಂದುಕೊಂಡಾರು. ಆದರೆ ಅದೇ ನಾಯಕ ಹುಡುಗಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು ಅವಳು ನಿದ್ರಿಸುವುದನ್ನು ನೋಡುತ್ತಾ ನಿಲ್ಲುತ್ತಾನೆ. ಅವಳನ್ನು ಹಿಂಬಾಲಿಸುತ್ತಾನೆ. ಯಾರನ್ನು ಭೇಟಿಯಾಗಬೇಕು, ಯಾರನ್ನು ಆಗಬಾರದು ಎಂದು ಅವನೇ ತೀರ್ಮಾನಿಸುತ್ತಾನೆ. ಇದೆಲ್ಲವನ್ನೂ ಕತೆಯು ಪ್ರೀತಿಯ ಆಳ ಎಂದು ಬಣ್ಣಿಸುತ್ತದೆ.

ಮೊದಲನೆಯದು ನಮ್ಮ ಅಳತೆಗೋಲಿನಲ್ಲಿ ಅನುತ್ತೀರ್ಣ, ಆದರೆ ಅದು ಹೇಳುವುದು ಸತ್ಯ. ಎರಡನೆಯದು ಉತ್ತೀರ್ಣ, ಆದರೆ ಅದು ಕಲಿಸುವುದು ತಪ್ಪು ಪಾಠ. ಮೊದಲನೆಯದನ್ನು ಮಕ್ಕಳಿಗೆ ತೋರಿಸಿ ಎಂದು ಇದರ ಅರ್ಥವಲ್ಲ. ಪರದೆಯ ಮೇಲೆ ಎಷ್ಟು ಮೈ ಕಾಣಿಸಿತು ಎಂದು ಲೆಕ್ಕ ಹಾಕುವ ನಾವು, ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಹೇಗೆ ನಡೆಸಿಕೊಂಡ ಎಂಬುದನ್ನು ನೋಡದೆ ಹೋಗುತ್ತೇವೆ ಎಂಬುದಷ್ಟೇ ಇದರ ಅರ್ಥ.

ಇದು ಹೆಣ್ಣುಮಕ್ಕಳಿಗೆ ಮಾತ್ರ ಸಂಬಂಧಿಸಿದ ವಿಷಯವೂ ಅಲ್ಲ. ಬೇಡವೆಂದರೂ ಹಿಂಬಾಲಿಸುವವನೇ ನಿಜವಾದ ಪ್ರೇಮಿ ಎಂದು ಕಲಿತ ನಮ್ಮ ಮಗ, ಪಾಂಡವಪುರದಲ್ಲಿ ಮೈಸೂರಿನ ರೈಲು ಹತ್ತುವ ಕಾಲೇಜು ಹುಡುಗಿಯ ಹಿಂದೆ ದಿನವೂ ನಡೆದರೆ, ಅದು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಹೆಣ್ಣು ನಿರಾಸಕ್ತಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದನ್ನು 2013ರಲ್ಲಿಯೇ ಅಪರಾಧವೆಂದು ಸಾರಲಾಯಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಅದನ್ನೇ ಮುಂದುವರಿಸಿದೆ. ಹದಿನೆಂಟು ತುಂಬದವರ ವಿಷಯದಲ್ಲಿ 2012ರ ಪೋಕ್ಸೋ ಕಾಯ್ದೆಯು 'ಅವಳೂ ಒಪ್ಪಿದ್ದಳು' ಎಂಬ ಮಾತನ್ನು ಪರಿಗಣಿಸುವುದಿಲ್ಲ. ಇದನ್ನು ಎಷ್ಟು ಮಂದಿ ತಂದೆಯರು ತಮ್ಮ ಮಗನಿಗೆ ಹೇಳಿದ್ದಾರೆ?

ಹೇಳಿಲ್ಲ. ಏಕೆಂದರೆ ಈ ವಿಷಯ ಬಂದಾಗಲೆಲ್ಲ ನಾವು 'ನಾಳೆ ಬಾ' ಎನ್ನುತ್ತೇವೆ. 1990ರ ದಶಕದಲ್ಲಿ ಕರ್ನಾಟಕದಲ್ಲಿ ಹಬ್ಬಿದ ಆ ವದಂತಿ ಹಿರಿಯರಿಗೆ ನೆನಪಿರಬಹುದು. ರಾತ್ರಿ ಹೆಣ್ಣು ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂಬ ಭಯದಿಂದ ಜನರು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ದೆವ್ವವು ಅದನ್ನು ಓದಿ ಹಿಂದಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದಂತೆ. ದೆವ್ವಕ್ಕೆ ಈ ಉಪಾಯ ಸರಿ. ಆದರೆ ನಾವು ಮಕ್ಕಳ ಪ್ರಶ್ನೆಗಳಿಗೂ ಇದನ್ನೇ ಬರೆದಿದ್ದೇವೆ. ಮಗಳು ಋತುಮತಿಯಾದಾಗ ಕೇಳಿದರೆ 'ಆಮೇಲೆ ಹೇಳುತ್ತೇನೆ'. ಮಗ ಕೇಳಿದರೆ 'ಮದುವೆಯಾದಾಗ ಗೊತ್ತಾಗುತ್ತದೆ'. ಹಾಗೆ ಹಿಂದಿರುಗಿದ ಪ್ರಶ್ನೆ ನಾಳೆ ನಮ್ಮ ಬಳಿಗೆ ಬರುವುದಿಲ್ಲ, ಅದು ಮೊಬೈಲಿನ ಬಳಿಗೆ ಹೋಗುತ್ತದೆ.

ಇದರ ಬೆಲೆ ತೆರುವವರು ಯಾರು? ಒಬ್ಬ ಹುಡುಗ ಸ್ನೇಹದ ಹೆಸರಿನಲ್ಲಿ ಪಡೆದ ಫೋಟೊ ತೋರಿಸಿ ಬೆದರಿಸತೊಡಗಿದಾಗ, ಹುಡುಗಿಗೆ ಅವನಿಗಿಂತ ಹೆಚ್ಚಿನ ಭಯ ತನ್ನ ಮನೆಯವರದ್ದಾಗಿರುತ್ತದೆ. ವಿಷಯ ತಿಳಿದ ದಿನವೇ ಕಾಲೇಜು ನಿಲ್ಲುತ್ತದೆ, ಅವಸರದಲ್ಲಿ ವರನನ್ನು ಹುಡುಕಲಾಗುತ್ತದೆ ಎಂಬುದು ಅವಳಿಗೆ ಗೊತ್ತು. ಆದ್ದರಿಂದ ಅವಳು ಬಾಯಿ ತೆರೆಯುವುದಿಲ್ಲ. ಬೆದರಿಸುವವನ ಶಕ್ತಿ ಇರುವುದು ಈ ಮೌನದಲ್ಲಿ. ವ್ಯಾಂಪೈರ್ ಕತೆಗಳಲ್ಲಿ ಒಂದು ನಿಯಮವಿದೆ: ಮನೆಯವರು ಆಹ್ವಾನಿಸದೆ ಅದು ಹೊಸ್ತಿಲು ದಾಟಲಾರದು. ನಮ್ಮ ಮೌನವೇ ಆ ಆಹ್ವಾನವಾಗುತ್ತಿದೆಯೇ ಎಂದು ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ.

ಲಜ್ಜೆಯ ಹೆಸರಿನಲ್ಲಿ ಈ ಮೌನವನ್ನು ಸಮರ್ಥಿಸುವವರಿದ್ದಾರೆ. ಆದರೆ ಲಜ್ಜೆ ಬೇರೆ, ಅಜ್ಞಾನ ಬೇರೆ. ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ವೇಳೆ ಮತ್ತು ಇಶಾದ ಬಳಿಕ, ಈ ಮೂರು ಹೊತ್ತಿನಲ್ಲಿ ಇನ್ನೂ ಪ್ರಾಯಕ್ಕೆ ಬಾರದ ಮಕ್ಕಳು ಕೂಡ ಅನುಮತಿ ಪಡೆದು ಒಳಬರಬೇಕೆಂದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 58ನೇ ಸೂಕ್ತ ಕಲಿಸುತ್ತದೆ. ಅಂದರೆ ದೇಹದ ಖಾಸಗಿತನದ ಪಾಠವು ಬಾಲ್ಯದಲ್ಲಿಯೇ, ಮನೆಯಲ್ಲಿಯೇ ಆರಂಭವಾಗಬೇಕು. ಮದೀನಾದ ಅನ್ಸಾರ್ ಮಹಿಳೆಯರಿಗೆ ಧಾರ್ಮಿಕ ಜ್ಞಾನ ಪಡೆಯಲು ಲಜ್ಜೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಶ್ಲಾಘಿಸಿದ್ದಾರೆ. ಹೀಗಿರುವಾಗ ಮೌನವನ್ನು ನಮ್ಮ ಸಂಪ್ರದಾಯವೆಂದು ಹೇಳುವುದು ಸರಿಯೇ?

ಹಾಗಾದರೆ ಮಾಡಬೇಕಾದುದೇನು? 2021ರ ನಿಯಮಗಳ ಪ್ರಕಾರ ಇಂಟರ್‌ನೆಟ್ ವೇದಿಕೆಗಳು ಪ್ರತಿ ಕಾರ್ಯಕ್ರಮಕ್ಕೂ ವಯೋಮಿತಿ ನಮೂದಿಸಬೇಕು ಮತ್ತು 13+ ಹಾಗೂ ಅದಕ್ಕಿಂತ ಮೇಲಿನ ವರ್ಗಕ್ಕೆ ಹೆತ್ತವರು ಬೀಗ ಹಾಕುವ ಸೌಲಭ್ಯ ಕೊಡಬೇಕು. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಅದನ್ನು ಬಳಸಬೇಕು. ಆದರೆ ಹದಿನಾರರ ಮಗಳಿಗೆ ಬೀಗ ಸಾಲದು, ಗೆಳತಿಯ ಮೊಬೈಲಿಗೆ ನಾವು ಬೀಗ ಹಾಕಲಾರೆವು. ಅವಳ ಪಕ್ಕದಲ್ಲಿ ಕುಳಿತು ಅವಳು ನೋಡುತ್ತಿರುವುದರ ಒಂದು ಕಂತನ್ನಾದರೂ ನೋಡಬೇಕು. 'ಅವನು ಮಾಡುತ್ತಿರುವುದು ಪ್ರೀತಿಯೇ? ನಿನ್ನ ತಮ್ಮ ಒಬ್ಬ ಹುಡುಗಿಯೊಂದಿಗೆ ಹೀಗೆ ನಡೆದುಕೊಂಡರೆ ಒಪ್ಪುತ್ತೀಯಾ?' ಎಂದು ಕೇಳಬೇಕು, ಅವಳ ಉತ್ತರವನ್ನು ಪೂರ್ತಿಯಾಗಿ ಆಲಿಸಬೇಕು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಮನೆಯ ಎಲ್ಲರೂ ತಿಳಿದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 'ಏನೇ ತಪ್ಪಾದರೂ ಮೊದಲು ನನ್ನ ಬಳಿಗೆ ಬಾ, ಅದಕ್ಕಾಗಿ ನಿನ್ನ ಓದು ನಿಲ್ಲುವುದಿಲ್ಲ' ಎಂಬ ಭರವಸೆಯನ್ನು ತಂದೆಯೇ ತನ್ನ ಬಾಯಿಂದ ಕೊಡಬೇಕು.

ಈ ಮಾತು ಇಂದೇ ಆಗಬೇಕು. ಮಗಳ ಪ್ರಶ್ನೆ ಬಾಗಿಲ ಬಳಿ ಬಂದು ನಿಂತಿರುವಾಗ 'ನಾಳೆ ಬಾ' ಎಂಬ ಬರಹವನ್ನು ನಾವೇ ಅಳಿಸಿಹಾಕಬೇಕು.