ವೀಸಾ ಯಾರಪ್ಪನ ಮನೆ ಆಸ್ತಿ?

‘ನಮ್ಮ ಹುಡುಗನಿಗೆ ಜಪಾನಿನಲ್ಲಿ ಇಂಗ್ಲಿಷ್ ಕಲಿಸೋ ಕೆಲಸ, ಮೂರು ವರ್ಷದ ವೀಸಾ ಸಿಕ್ಕಿದೆ’ ಎಂದು ಊರಿನಲ್ಲಿ ಹೇಳಿಕೊಳ್ಳುವವರ ಮುಖದಲ್ಲಿ ಮೂರು ವರ್ಷಕ್ಕೆ ಹೊಲ ಲಾವಣಿಗೆ ಹಿಡಿದವರ ನೆಮ್ಮದಿ ಇರುತ್ತದೆ. ಕೆಲಸ ಹಿಡಿಸದಿದ್ದರೆ ಬಿಟ್ಟು ಇನ್ನೊಂದು ನೋಡಿಕೊಂಡರಾಯಿತು, ಮೂರು ವರ್ಷವಂತೂ ಇರಬಹುದಲ್ಲ ಎಂಬ ಲೆಕ್ಕ. ಅದೇ ಹುಡುಗ ಅಲ್ಲಿಂದ ಫೋನ್ ಮಾಡಿ ‘ಕೆಲಸ ಬಿಡಬೇಕು ಅನ್ನಿಸ್ತಿದೆ’ ಎಂದರೆ ಮಾತ್ರ ನೆಮ್ಮದಿ ಹಾರಿಹೋಗುತ್ತದೆ. ಬಿಟ್ಟ ಮರುದಿನವೇ ಪೊಲೀಸರು ಬಂದು ವಿಮಾನ ಹತ್ತಿಸುತ್ತಾರೆ ಎಂಬ ಭಯ ಶುರುವಾಗುತ್ತದೆ. ಆ ನೆಮ್ಮದಿಯೂ ಸುಳ್ಳು, ಈ ಭಯವೂ ಸುಳ್ಳು. ಎರಡಕ್ಕೂ ಒಂದೇ ಕಾರಣ: ಕಾನೂನು ಏನು ಹೇಳುತ್ತದೆ ಎಂದು ಹೊರಡುವ ಮುಂಚೆ ಯಾರೂ ಕೇಳಿರುವುದಿಲ್ಲ.

ನಾನಿರುವ ಪುಣೆ ಜಪಾನಿ ಭಾಷೆ ಕಲಿಯುವವರ ಊರು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಹುಡುಗ ಹುಡುಗಿಯರೂ ಈ ಕ್ಲಾಸುಗಳಲ್ಲಿ ಕೂರುತ್ತಾರೆ. ಹೆಚ್ಚಿನವರ ಕಣ್ಣು ಕಂಪ್ಯೂಟರ್ ಕೆಲಸದ ಮೇಲೆ. ಕೆಲವರದು ಇಂಗ್ಲಿಷ್ ಕಲಿಸುವ ಕೆಲಸದ ಮೇಲೆ. ಇಂಗ್ಲಿಷ್ ತಾಯ್ನುಡಿ ಅಲ್ಲದಿದ್ದರೂ, ಪದವಿಯ ಜೊತೆಗೆ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಜಪಾನಿನ ಶಾಲೆಗಳಲ್ಲಿ ಅದನ್ನು ಕಲಿಸುವ ದಾರಿ ಇದೆ. ಹೊರಡುವಾಗ ಇವರು ಎಲ್ಲವನ್ನೂ ಕೇಳುತ್ತಾರೆ: ಸಂಬಳದ ಯೆನ್ ರೂಪಾಯಿಗೆ ಎಷ್ಟಾಯಿತು, ಬಾಡಿಗೆ ಯಾರು ಕಟ್ಟುತ್ತಾರೆ, ಅಕ್ಕಿ ಬೇಳೆ ಸಿಗುತ್ತದೋ ಇಲ್ಲವೋ. ‘ಕೆಲಸ ಬಿಟ್ಟರೆ ನನ್ನ ವೀಸಾ ಗತಿ ಏನು?’ ಎಂದು ಮಾತ್ರ ಕೇಳುವುದಿಲ್ಲ. ಹೋಗುವ ಮುಂಚೆಯೇ ಬಿಡುವ ಮಾತಾಡುವುದು ಅಪಶಕುನವಂತೆ!

ಕೇಳಬೇಕು ಸ್ವಾಮಿ, ಅದನ್ನೇ ಮೊದಲು ಕೇಳಬೇಕು. ನಾವು ವೀಸಾ ಅನ್ನುವುದು ನಿಜಕ್ಕೂ ಗಡಿ ದಾಟುವ ಚೀಟಿ. ಒಳಗೆ ಉಳಿಯಲು ಬೇಕಾದದ್ದು ವಾಸದ ಅನುಮತಿ. ಜಪಾನಿನಲ್ಲಿ ಈ ಅನುಮತಿ ಕೊಡುವುದು ಅಲ್ಲಿನ ವಲಸೆ ಇಲಾಖೆ, ಕೆಲಸ ಕೊಟ್ಟ ಶಾಲೆಯಲ್ಲ. ರಾಜೀನಾಮೆ ಕೊಟ್ಟ ದಿನ ಅದು ತಾನಾಗಿ ಸತ್ತುಹೋಗುವುದಿಲ್ಲ. 2012ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ, ಕೆಲಸ ಬಿಟ್ಟ 14 ದಿನದೊಳಗೆ ಇಲಾಖೆಗೆ ತಿಳಿಸಬೇಕು. ಹೊಸ ಕೆಲಸ ಸಿಕ್ಕಾಗಲೂ ಹಾಗೆಯೇ. ತಕ್ಕ ಕಾರಣವಿಲ್ಲದೆ ಮೂರು ತಿಂಗಳು ಆ ಕೆಲಸ ಮಾಡದೆ ಕುಳಿತರೆ ಅನುಮತಿಯನ್ನು ರದ್ದು ಮಾಡುವ ಅಧಿಕಾರ ಇಲಾಖೆಗಿದೆ. ನಿಜವಾಗಿಯೂ ಬೇರೆ ಕೆಲಸ ಹುಡುಕುತ್ತಿದ್ದರೆ ಅದೂ ತಕ್ಕ ಕಾರಣವೇ. ಆದರೆ ಬರೀ ಬಾಯಿಮಾತು ಸಾಲದು. ಹಾಕಿದ ಅರ್ಜಿ, ಬಂದ ಉತ್ತರ, ಸಂದರ್ಶನದ ಪತ್ರ ಎಲ್ಲ ಕೈಯಲ್ಲಿರಬೇಕು. ಇನ್ನೂ ಒಂದು ಗಂಟಿದೆ. ಶಾಲೆಯಲ್ಲಿ ಕಲಿಸುವವರ ಅನುಮತಿಯ ವರ್ಗ ಬೇರೆ, ಖಾಸಗಿ ಇಂಗ್ಲಿಷ್ ಕ್ಲಾಸುಗಳಲ್ಲಿ ಕಲಿಸುವವರದು ಬೇರೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಸೇರುವ ಮುಂಚೆ ವರ್ಗ ಬದಲಿಸಿಕೊಳ್ಳಬೇಕು. ನಡುವಿನ ದಿನಗಳಲ್ಲಿ ಹೊಟ್ಟೆಪಾಡಿಗೆಂದು ಅನುಮತಿಯಿಲ್ಲದೆ ಹೋಟೆಲಿನಲ್ಲಿ ತಟ್ಟೆ ತೊಳೆದರೆ ಅದೂ ಅಪರಾಧ.

ಇಷ್ಟು ತಿಳಿದಿದ್ದರೆ ‘ಕೆಲಸ ಬಿಟ್ಟರೆ ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ’ ಎನ್ನುವ ಮಾಲೀಕನ ಮುಂದೆ ಯಾರೂ ನಡುಗಬೇಕಿಲ್ಲ. ಅನುಮತಿ ಅವನಪ್ಪನ ಮನೆ ಆಸ್ತಿಯಲ್ಲ. ತಿಳಿಯದವನು ಮಾತ್ರ ಬಾಯಿ ಮುಚ್ಚಿಕೊಂಡು, ಸಿಗದ ಓವರ್‌ಟೈಮಿಗೂ ದುಡಿಯುತ್ತಾನೆ. ‘ನಾನೇನೂ ಕೆಲಸ ಬಿಡೋದಿಲ್ಲ, ನನಗೇಕೆ ಈ ಪುರಾಣ’ ಎನ್ನುವವರಿಗೊಂದು ಮಾತು. ನೀವು ಬಿಡದಿದ್ದರೂ ಕೆಲಸವೇ ನಿಮ್ಮನ್ನು ಬಿಡಬಹುದು. ಜಪಾನಿನ ಅತಿ ದೊಡ್ಡ ಇಂಗ್ಲಿಷ್ ಶಾಲೆಗಳ ಸರಣಿಯಾಗಿದ್ದ ನೋವಾ 2007ರ ಅಕ್ಟೋಬರಿನಲ್ಲಿ ಕುಸಿದು ಕೋರ್ಟಿನ ಮೊರೆ ಹೋದಾಗ, ಸಾವಿರಾರು ವಿದೇಶಿ ಶಿಕ್ಷಕರು ಸಂಬಳವಿಲ್ಲದೆ ಬೀದಿ ನೋಡಬೇಕಾಯಿತು. ಅವರಲ್ಲಿ ಯಾರೂ ರಾಜೀನಾಮೆ ಬರೆದಿರಲಿಲ್ಲ.

ಎಲ್ಲ ದೇಶವೂ ಜಪಾನಿನಷ್ಟು ಕಾಲಾವಕಾಶ ಕೊಡುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಭಾಷಾ ಶಿಕ್ಷಕ ಒಪ್ಪಂದ ಮುಗಿಯುವ ಮುಂಚೆ ಬೇರೆ ಕಡೆ ಸೇರಬೇಕಾದರೆ, ಸಾಮಾನ್ಯವಾಗಿ ಹಳೆಯ ಮಾಲೀಕನ ಒಪ್ಪಿಗೆ ಪತ್ರ ಬೇಕು. ಯಾರ ಕಾಟ ತಾಳಲಾರದೆ ಬಿಡುತ್ತೇವೋ ಅವನ ಕೈಯಿಂದಲೇ ಬಿಡುಗಡೆ ಚೀಟಿ! ಥಾಯ್ಲೆಂಡಿನಲ್ಲಿ ಕೆಲಸದ ಜೊತೆಗೇ ವಾಸದ ಅನುಮತಿಯೂ ಮುಗಿಯುತ್ತದೆ. ಕೇಳಿಕೊಂಡರೆ ಗಂಟುಮೂಟೆ ಕಟ್ಟಲು 7 ದಿನ. ಅಮೆರಿಕದ ಎಚ್‌-1ಬಿ ಕಥೆ ಊರಲ್ಲಿ ಎಲ್ಲರಿಗೂ ಗೊತ್ತು: 2017ರಿಂದ, ಕೆಲಸ ಹೋದವರಿಗೆ ಹೆಚ್ಚೆಂದರೆ 60 ದಿನ.

‘ಅವರ ದೇಶ, ಅವರ ಕಾನೂನು, ಸಹಿಸ್ಕೊಂಡು ಹೋಗಬೇಕಪ್ಪ’ ಎಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಅವರು ಮುಂಬಯಿಯ ಕನ್ನಡಿಗರ ಚರಿತ್ರೆಯನ್ನೊಮ್ಮೆ ನೋಡಲಿ. ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗ ಹಗಲು ಹೋಟೆಲಿನಲ್ಲಿ ಲೋಟ ತೊಳೆದ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದ. ಧಣಿ ಸಂಬಳ ಕೊಡದಿದ್ದರೆ ಪಕ್ಕದ ಬೀದಿಯ ಹೋಟೆಲಿಗೆ ಹೋದ. ಅವನನ್ನು ಬೆಳೆಸಿದ್ದರಲ್ಲಿ ದುಡಿಮೆಯ ಪಾಲು ಎಷ್ಟಿದೆಯೋ, ಬಿಟ್ಟು ಹೋಗುವ ಈ ಸ್ವಾತಂತ್ರ್ಯದ ಪಾಲೂ ಅಷ್ಟೇ ಇದೆ. ದೇಶದ ಯಾವ ಮೂಲೆಗೂ ಹೋಗುವ, ಅಲ್ಲಿ ನೆಲೆಸುವ, ಬೇಕಾದ ವೃತ್ತಿ ಹಿಡಿಯುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಪುಣೆಯಲ್ಲಿ ನಾನು ಇಂದು ಕೆಲಸ ಬಿಟ್ಟರೆ ಸಂಬಳ ಮಾತ್ರ ಹೋಗುತ್ತದೆ, ಊರು ಹೋಗುವುದಿಲ್ಲ. ಅಲ್ಲಿ ಕೆಲಸ ಬಿಟ್ಟವನಿಗೆ ಮನೆ, ಊರು, ದೇಶ ಎಲ್ಲ ಒಟ್ಟಿಗೇ ಹೋಗಬಹುದು. ಬಿಡಲಾಗದ ಕೆಲಸಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ: ಜೀತ. ಸಂಬಳ ಯೆನ್‌ನಲ್ಲಿ ಬಂದ ಮಾತ್ರಕ್ಕೆ ಹೆಸರು ಬದಲಾಗುವುದಿಲ್ಲ.

ಇನ್ನು ನಮ್ಮ ಸರ್ಕಾರದ ಕಡೆ ಬನ್ನಿ. 1983ರ ವಲಸೆ ಕಾಯ್ದೆ ಕಟ್ಟಿದ ವ್ಯವಸ್ಥೆಯಲ್ಲಿ, ಹತ್ತನೇ ತರಗತಿ ಪಾಸಾಗದ ಕೂಲಿಕಾರ ಗಲ್ಫಿಗೆ ಹೊರಟರೆ ಅವನ ಒಪ್ಪಂದವನ್ನು ಕಾಗದದ ಮೇಲಾದರೂ ನೋಡುವ ಅಧಿಕಾರಿ ಇದ್ದಾನೆ. ಓದಿದವನಿಗೆ ಆ ತಪಾಸಣೆಯೇ ಇಲ್ಲ. ಓದಿದ್ದಾನಲ್ಲ, ತಾನೇ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ! ಜಪಾನಿ ಲಿಪಿಯ ಒಪ್ಪಂದಕ್ಕೆ ನಗುನಗುತ್ತ ರುಜು ಹಾಕುವ ಪದವೀಧರರನ್ನು ಈ ನಂಬಿಕೆ ಕಾಪಾಡುವುದಿಲ್ಲ. ನಮ್ಮ ರಾಜ್ಯದಲ್ಲಿ ಅನಿವಾಸಿ ಭಾರತೀಯರಿಗೆಂದೇ ಒಂದು ಸಮಿತಿ ಇದೆ. ಸನ್ಮಾನ, ಶಾಲು, ಹಾರ ಆಮೇಲಾಗಲಿ. ದೇಶಕ್ಕೊಂದರಂತೆ ಒಂದೊಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ: ಕೆಲಸ ಬಿಟ್ಟರೆ ಎಷ್ಟು ದಿನ ಇರಬಹುದು, ಯಾರಿಗೆ ತಿಳಿಸಬೇಕು, ಮಾಲೀಕನ ಪತ್ರ ಬೇಕೋ ಬೇಡವೋ. ಕಮಿಷನ್ ತಿನ್ನುವ ಏಜೆಂಟನೂ ಇದಕ್ಕೆ ಬರಹದಲ್ಲಿ ಉತ್ತರ ಕೊಡಲಿ. ಕೊಡದವನಿಗೆ ಒಂದು ಬಿಡಿಗಾಸೂ ಕೊಡಬೇಡಿ.

ಊರಲ್ಲಿರುವ ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಮಗಳನ್ನು ಕೊಡುವಾಗ ‘ಬೇಡ ಅನಿಸಿದರೆ ತವರು ಇದೆ, ಬಂದುಬಿಡು’ ಎನ್ನುವ ಧೈರ್ಯ ಈಗೀಗ ನಿಮಗೆ ಬಂದಿದೆ. ಕೆಲಸಕ್ಕೆ ಹೊರಟ ಮಕ್ಕಳಿಗೂ ಅದೇ ಮಾತು ಹೇಳಿ. ಬೀಳ್ಕೊಡುವ ದಿನ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆಗೆ, ಆ ದೇಶದ ನಿಯಮ ಬರೆದ ಒಂದು ಹಾಳೆ, ವಾಪಸ್ ಟಿಕೆಟ್ಟಿನಷ್ಟು ದುಡ್ಡು ಇಡಿ. ಬಿಡುವ ದಾರಿ ಗೊತ್ತಿರುವವನೇ ಧೈರ್ಯವಾಗಿ ನಿಂತು ಕೆಲಸ ಮಾಡಬಲ್ಲ.